ಪರದೆಯ ಮೇಲಿನ ‘ಹೋತ್ರಿ’

ನಮ್ಮ ಕಡೆ ‘ಹೋತು’ ಎಂಬ ಒಂದೇ ಶಬ್ದಕ್ಕೆ ಹತ್ತು ಕೆಲಸ. ಬಸ್ಸು ಸ್ಟ್ಯಾಂಡ್ ಬಿಟ್ಟರೆ ಹೋತು. ಕರೆಂಟ್ ತೆಗೆದರೆ ಹೋತು. ಕಿಸೆಯಲ್ಲಿದ್ದ ಕೀಲಿಕೈ ಎಲ್ಲೋ ಬಿದ್ದು ಕಳೆದರೂ ಹೋತು. ಹಿರಿಯರು ತೀರಿಕೊಂಡರೂ ಹೋದರು ಎಂದೇ ಹೇಳುತ್ತೇವೆ. ಇದು ಯಾವ ಹೋತು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ, ಹೇಳುವವನ ಮುಖ ನೋಡಿದರೆ ತಿಳಿಯುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಈ ಶಬ್ದ ಬರೆಯುವಾಗ ನನಗೆ ಅದೆಲ್ಲ ತಲೆಯಲ್ಲಿರಲಿಲ್ಲ. ಒಂದು ತಮಾಷೆಗೆ ಬರೆದೆ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಒಂದು ತಪಾಸಣಾ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ರಕ್ತ, ಮೂತ್ರ, ಆಪರೇಷನ್ ಮಾಡಿ ತೆಗೆದ ಗಂಟಿನ ತುಣುಕು, ಎಲ್ಲ ಅಲ್ಲಿಗೆ ಬರುತ್ತವೆ. ಅವುಗಳ ಗೊಡವೆ ನನಗಿಲ್ಲ. ಪ್ರಿಂಟರ್ ಕಾಗದ ಕಚ್ಚಿಕೊಂಡರೆ, ನೆಟ್ ನಿಂತರೆ, ಯಾರಾದರೂ ಪಾಸ್‌ವರ್ಡ್ ಮರೆತರೆ ನನ್ನ ಹೆಸರು ಕೂಗುತ್ತಾರೆ. ಎಲ್ಲ ಸರಿಯಿದ್ದ ದಿನ ನಾನೊಬ್ಬ ಅಲ್ಲಿದ್ದೇನೆಂಬುದೂ ಯಾರಿಗೂ ನೆನಪಿರುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ಮನುಷ್ಯರ ಜತೆ ಮಾತಾಡುವುದು ಮೊದಲಿನಿಂದಲೂ ನನಗೆ ಆಗಿಬರದ ಕೆಲಸ. ಯಂತ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ, ನಡುವೆ ನಿನ್ನ ಮದುವೆ ಯಾವಾಗ ಎಂದು ಕೇಳುವುದಿಲ್ಲ.

ಹಾಗೆ ಕೇಳುವವರು ಮನೆಯಲ್ಲಿದ್ದರು. ನಾನು ಇರುವುದು ಧಾರವಾಡದ ಸಪ್ತಾಪುರದಲ್ಲಿ, ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ. ಕೆಳಗೆ ಮನೆಯೊಡತಿ. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಪಡಸಾಲೆಯಲ್ಲೇ ಖಾನಾವಳಿ ಇಟ್ಟು, ಓದುವ ಹುಡುಗರಿಗೆ ಎರಡು ಹೊತ್ತು ಊಟ ಹಾಕಿ ಸಂಸಾರ ನಡೆಸಿದವರು. ಜೋಳ ತವರುಮನೆ ಅಮ್ಮಿನಬಾವಿಯಿಂದ ಬರುತ್ತಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಎಚ್ಚರ. ಹನ್ನೆರಡು ವರ್ಷ ಆ ಸಪ್ಪಳದ ಮೇಲೆ ಎದ್ದೆ, ಗಡಿಯಾರಕ್ಕೆ ಅಲಾರಂ ಇಟ್ಟದ್ದೇ ಇಲ್ಲ. ಅವರಿಗೆ ಒಬ್ಬಳೇ ಮಗಳು, ಮದುವೆಯಾಗಿ ಗದಗದಲ್ಲಿ ಸಾಲಿ ಟೀಚರ್ ಆಗಿದ್ದಳು. ಅವ್ವ ತಮ್ಮಾ ಎನ್ನುತ್ತಿದ್ದುದರಿಂದ ನಾನು ಆಕೆಗೆ ಮಾಮಾ.

ಅಕ್ಕಾರದು ಒಂದು ಹಟ ಇತ್ತು. ಖಾನಾವಳಿಯ ಹುಡುಗರು ಯಾರೇ ಊರಿಗೆ ಹೊರಡಲಿ, ಹೊಸ್ತಿಲಲ್ಲಿ ನಿಂತು, “ಮುಟ್ಟಿದ ಕೂಡ್ಲೆ ಫೋನ್ ಮಾಡು” ಎನ್ನುತ್ತಿದ್ದರು. ಸುಮ್ಮನೆ ಹೇಳುವ ಮಾತಲ್ಲ ಅದು. ಫೋನ್ ಬರುವವರೆಗೂ ಒಳಗೆ ಹೊರಗೆ ಓಡಾಡುತ್ತಿದ್ದರು. ನಾನೊಮ್ಮೆ ಬಾಗಲಕೋಟೆಗೆ ಹೋದವನು ಫೋನ್ ಮಾಡಲು ಮರೆತು, ಮಾರನೆಯ ದಿನ ತಿರುಗಿ ಬಂದಾಗ ಊಟಕ್ಕೆ ಬಡಿಸುತ್ತ ಬೈದರು: “ಹೋಗೂದೇನು, ಎಲ್ಲಾರೂ ಹೋಗ್ತಾರ. ಮುಟ್ಟಿದ್ದು ಹೇಳಬೇಕು.” ನಾಲ್ವತ್ತರ ಮನುಷ್ಯನಿಗೆ ಹುಡುಗರ ಎದುರು ಬೈಸಿಕೊಳ್ಳುವ ಹಣೆಬರಹ ಎಂದು ನಾನು ಸಿಡಿಮಿಡಿಗೊಂಡು ರೊಟ್ಟಿ ಮುರಿದೆ. ಆ ಮಾತು ನನ್ನ ಕಸಬಿಗೇ ಸಂಬಂಧಪಟ್ಟದ್ದು ಎಂದು ಹೊಳೆಯಲಿಲ್ಲ.

ಲ್ಯಾಬಿನಲ್ಲಿ ಮೊದಲು ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರೊಳಗೆ ನಮ್ಮದೇ ಮೇಲ್ ಸರ್ವರ್. ಅದೊಂದು ಸ್ವಂತ ಅಂಚೆಕಚೇರಿ ಎಂದುಕೊಳ್ಳಿ. ರಿಪೋರ್ಟನ್ನು ಅದರ ಕೈಗೆ ಕೊಟ್ಟರೆ ಅದು ಒಯ್ಯುತ್ತಿತ್ತು. ಆ ಕಡೆಯ ಬಾಗಿಲು ಮುಚ್ಚಿದ್ದರೆ ತಿರುಗಿ ತಂದು ಇಟ್ಟುಕೊಂಡು, ಒಂದು ತಾಸು ಬಿಟ್ಟು ಮತ್ತೆ ಹೋಗುತ್ತಿತ್ತು. ಹಾಗೆ ಐದು ದಿನ ಅಲೆದು, ಕಡೆಗೂ ಆಗದಿದ್ದರೆ ಇಂಥ ಕಾರಣಕ್ಕೆ ಮುಟ್ಟಲಿಲ್ಲ ಎಂದು ನಮಗೆ ಪತ್ರ ಹಾಕುತ್ತಿತ್ತು. ಆದರೆ ಅದರ ಮೇಲ್ವಿಚಾರಣೆ ಬಲು ಕಿರಿಕಿರಿ. ಊರ ಲ್ಯಾಬಿನ ಸರ್ವರಿನಿಂದ ಬಂದ ಮೇಲ್ ಎಂದು ದೊಡ್ಡ ಕಂಪನಿಗಳು ಅರ್ಧಕ್ಕರ್ಧ ಕಸಕ್ಕೆ ಹಾಕುತ್ತಿದ್ದವು. ಡಿಸ್ಕ್ ಕೆಟ್ಟ ದಿನ ನಾನು ಒಳಗೊಳಗೇ ಖುಷಿಪಟ್ಟೆ.

ಅದರ ಜಾಗದಲ್ಲಿ ನಾನು ಒಂದು ಪುಟ್ಟ ಪ್ರೋಗ್ರಾಂ ತಂದೆ. ಸರ್ವರ್ ಗಿರ್ವರ್ ಏನೂ ಬೇಡ. ಕರಿ ಪರದೆಯ ಮೇಲೆ ಒಂದೇ ಸಾಲಿನ ಆಜ್ಞೆ ಬರೆದರೆ ಅದು ಎದ್ದು, ರಿಪೋರ್ಟ್ ಹಿಡಿದುಕೊಂಡು ದೊಡ್ಡ ಮೇಲ್ ಕಂಪನಿಯ ಬಾಗಿಲು ಬಡಿದು, ಪಾಸ್‌ವರ್ಡ್ ತೋರಿಸಿ, ಒಳಗೆ ಕೊಟ್ಟು ಬರುತ್ತದೆ. ಮುಂದಿನದು ಆ ಕಂಪನಿಯ ಹೊಣೆ. ಬಾಗಿಲಲ್ಲೇ ಬೇಡ ಎಂದರೆ ನಮ್ಮ ಪ್ರೋಗ್ರಾಂ ಒಂದು ಸಾಲು ಇಂಗ್ಲಿಷಿನಲ್ಲಿ ಗೊಣಗಿ ಸತ್ತಂತೆ ಮಲಗುತ್ತದೆ. ಇಟ್ಟುಕೊಳ್ಳುವುದಿಲ್ಲ, ಮತ್ತೆ ಹೋಗುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ಹಾಗಿಲ್ಲ. ಒಂದೇ ಸಾಲು ನೋಡ್ರಿ ಎಂದು ಲ್ಯಾಬಿನ ಡಾಕ್ಟರಿಗೆ ಎದೆಯುಬ್ಬಿಸಿ ತೋರಿಸಿದೆ. ಅವರು, “ಛಲೋ ಆತು ಬಿಡ್ರಿ” ಎಂದು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು.

ದಿನದ ರಿಪೋರ್ಟುಗಳನ್ನು ಕಳಿಸುವುದು ಕೌಂಟರಿನಲ್ಲಿ ಕೂಡುವ ಹೆಣ್ಣುಮಗಳ ಕೆಲಸ. ಇಂಗ್ಲಿಷ್ ಸಾಲು ಕಂಡರೆ ಆಕೆಗೆ ಗಾಬರಿ. “ಸರ, ಏನೋ ಬಂತ್ರಿ, ನಾ ಏನೂ ಮುಟ್ಟಿಲ್ರಿ” ಎಂದು ದಿನಕ್ಕೆ ನಾಲ್ಕು ಸಲ ಕೂಗುತ್ತಿದ್ದಳು. ಬಹಳ ಸಲ ಅದು ಏನೂ ಅಲ್ಲದ ಎಚ್ಚರಿಕೆಯ ಮಾತಾಗಿರುತ್ತಿತ್ತು. ನಾನು ಬೇಸತ್ತು, ಆ ಗೊಣಗಾಟವೆಲ್ಲ ಪರದೆಗೆ ಬಾರದಂತೆ ಕಸದ ಗುಂಡಿಗೆ ಬೀಳುವ ಹಾಗೆ ಮಾಡಿದೆ. ಆಕೆಗೆ ಧೈರ್ಯ ಬರಲೆಂದು ಆಜ್ಞೆಯ ಕೊನೆಗೆ ನಮ್ಮ ಭಾಷೆಯಲ್ಲೇ ಒಂದು ಮಾತು ಸೇರಿಸಿದೆ. ಒಂದೊಂದು ರಿಪೋರ್ಟ್ ಹೊರಟಾಗಲೂ ಅದರ ನಂಬರಿನ ಮುಂದೆ ‘ಹೋತ್ರಿ’ ಎಂದು ಬೀಳುತ್ತಿತ್ತು. ಇಡೀ ಲ್ಯಾಬ್ ನಕ್ಕಿತು. ಆಕೆ ಚಹಾ ಕುಡಿಯುತ್ತ, ಹೋತ್ರಿ, ಹೋತ್ರಿ, ಹೋತ್ರಿ ಎಂದು ಎಣಿಸುತ್ತಿದ್ದಳು. ನನ್ನನ್ನು ಯಾರಾದರೂ ಮೆಚ್ಚಿಕೊಂಡದ್ದು ಆ ಲ್ಯಾಬಿನಲ್ಲಿ ಅದೊಂದೇ ಸಲ.

ತಪ್ಪು ಎಲ್ಲಿತ್ತೆಂದರೆ, ಕಳಿಸು ಎಂಬ ಆಜ್ಞೆಗೂ ಹೋತ್ರಿ ಎಂದು ಬರೆ ಎಂಬ ಆಜ್ಞೆಗೂ ನಡುವೆ ನಾನು ಅರ್ಧವಿರಾಮ ಹಾಕಿದ್ದೆ, ಚುಕ್ಕೆಯ ಕೆಳಗೆ ಕೊಂಡಿಯಿರುವ ಆ ಗುರುತು. ಅರ್ಧವಿರಾಮ ಹಾಕಿದರೆ, ಮೊದಲಿನ ಕೆಲಸ ಆಗಲಿ ಬಿಡಲಿ ಎರಡನೆಯದನ್ನು ಮಾಡು ಎಂದರ್ಥ. ಅದರ ಬದಲು ‘ಮತ್ತು’ ಎನ್ನುವ ಚಿಹ್ನೆಯನ್ನು ಎರಡು ಸಲ ಒತ್ತಿದ್ದರೆ, ಮೊದಲಿನದು ಆದರೆ ಮಾತ್ರ ಎರಡನೆಯದು ಎಂದಾಗುತ್ತಿತ್ತು. ಈ ಕಸಬು ಕಲಿಯಲು ಬಂದವರಿಗೆ ಮೊದಲ ವಾರ ಹೇಳಿಕೊಡುವ ಪಾಠ ಇದು. ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ.

ಆ ಚಳಿಗಾಲದಲ್ಲಿ ಅಕ್ಕಾರು ಒಂದು ದಿನ ರೊಟ್ಟಿ ಬಡಿಯುವುದನ್ನು ನಡುವೆಯೇ ನಿಲ್ಲಿಸಿದರು. ಬಲಗೈ ಎತ್ತಿದರೆ ಕಂಕುಳಲ್ಲಿ ಏನೋ ಒತ್ತಿದ ಹಾಗಾಗುತ್ತದೆ ಎಂದರು. ಕೈಯಿಟ್ಟು ನೋಡಿಕೊಂಡರೆ ಶೇಂಗಾಕಾಳಿನಷ್ಟು ಗಂಟು. ತಿಂಗಳಿಗೆರಡು ಸಲ ಧಾರವಾಡಕ್ಕೆ ಬಂದು ಹೋಗುವ ಒಬ್ಬ ಸರ್ಜನ್ ಹತ್ತಿರ ಹೋದರು. ಅವರು ಆ ಗಂಟು ತೆಗೆದು, ಇದನ್ನು ತಪಾಸಣೆಗೆ ಕೊಡಿ, ರಿಪೋರ್ಟ್ ಬಂದ ಮೇಲೆ ನೋಡೋಣ ಎಂದರು. “ಎಲ್ಲಿ ಕೊಡೂದು ತಮ್ಮಾ?” ಎಂದು ಅಕ್ಕಾರು ನನ್ನನ್ನು ಕೇಳಿದರು. “ನಮ್ಮ ಲ್ಯಾಬಿಗೇ ಕೊಡ್ರಿ ಅಕ್ಕಾರ, ನಾ ಇರ್ತೇನಲ್ಲ” ಎಂದವನು ನಾನೇ. ಅವರಿಗೆ ಮೇಲ್ ಐಡಿ ಇರಲಿಲ್ಲ, ಗದಗದ ಮಗಳದ್ದನ್ನು ಬರೆಸಿದರು. ನಮ್ಮಲ್ಲಿ ಕಾಗದದ ರಿಪೋರ್ಟ್ ಕೊಡುವುದನ್ನು ಬಿಟ್ಟು ಆಗಲೇ ವರ್ಷಗಳಾಗಿದ್ದವು. ರೋಗಿಗೊಂದು, ಡಾಕ್ಟರಿಗೊಂದು, ಎರಡೂ ಮೇಲ್‌ನಲ್ಲೇ.

ಅದರ ನಂತರ ದಿನಾ ಸಂಜೆ ನಾನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಳಿದು ಬರುವ ಹೊತ್ತಿಗೆ ಅಕ್ಕಾರು ಬಾಗಿಲಲ್ಲಿರುತ್ತಿದ್ದರು.

“ನಂದು ಹೋತೇನಪಾ ತಮ್ಮಾ?”

“ಇನ್ನೂ ಇಲ್ರಿ ಅಕ್ಕಾರ. ಅದಕ್ಕ ವ್ಯಾಳ್ಯಾ ಹಿಡೀತೈತ್ರಿ.”

ಆರನೆಯ ದಿನವೋ ಏಳನೆಯ ದಿನವೋ, ನಾನು ಹೊರಡುವ ಮುಂಚೆ ಕೌಂಟರಿನ ಪರದೆಯಲ್ಲಿ ಅವರ ನಂಬರ್ ಹುಡುಕಿದೆ. ಅದರ ಮುಂದೆ ‘ಹೋತ್ರಿ’ ಇತ್ತು. ಆವತ್ತು ಯಾವುದೋ ಆರೋಗ್ಯ ಶಿಬಿರದ ರಿಪೋರ್ಟುಗಳೂ ಸೇರಿ ಪರದೆ ತುಂಬ ಹೋತ್ರಿಗಳೇ. ಮನೆಗೆ ಬಂದು, ಚಪ್ಪಲಿ ಬಿಡುವ ಮುಂಚೆಯೇ ಹೇಳಿದೆ.

“ಹೋತ್ರಿ ಅಕ್ಕಾರ. ಇವತ್ತ ಮಧ್ಯಾಹ್ನ ಹೋತು.”

“ಏನ ಬರದಾರಪಾ?”

“ಅದನ್ನ ನಾ ತಗದು ನೋಡೂಹಂಗಿಲ್ರಿ. ನೋಡೂದು ತಪ್ಪಾಕ್ಕೈತಿ.”

ಹೌದು, ಹಾಗೆಂದೆ. ಬೇರೆಯವರ ರಿಪೋರ್ಟ್ ತೆರೆದು ನೋಡದಿರುವುದು ನನ್ನ ದೊಡ್ಡಸ್ತಿಕೆಯ ವಿಷಯವಾಗಿತ್ತು. ಒಂದು ಸಲ, ಆ ಒಂದೇ ಒಂದು ಸಲ ನಾನು ನಿಯತ್ತು ಬಿಟ್ಟಿದ್ದರೆ, ಅಕ್ಕಾರು ಇವತ್ತು ಕೆಳಗೆ ರೊಟ್ಟಿ ಬಡಿಯುತ್ತಿದ್ದರೇನೋ. ಈ ಯೋಚನೆ ಬಂದಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮಾರನೆಯ ಸಂಜೆ ಅವರು ಬಾಗಿಲಲ್ಲಿರಲಿಲ್ಲ. ಒಳಗಿನಿಂದ ತುಪ್ಪದ ವಾಸನೆ ಬರುತ್ತಿತ್ತು. ಖಾನಾವಳಿಯ ಎಲ್ಲ ತಟ್ಟೆಗಳಿಗೂ ಮಾದಲಿ ಬಡಿಸಿದರು, ನನಗೆ ಎರಡು ಸಲ. ಹಬ್ಬವಲ್ಲ, ಹುಣ್ಣಿಮೆಯಲ್ಲ, ಯಾಕೆ ಸಿಹಿ ಎಂದು ಹುಡುಗರು ಕೇಳಿದರೆ, “ಉಣ್ಣೂದು ಬಿಟ್ಟು ಎಲ್ಲಾ ಕೇಳ್ತೀರಿ” ಎಂದರು. ನಾನು ಕೇಳಲಿಲ್ಲ. ರಿಪೋರ್ಟ್ ಚಲೋ ಬಂದಿದೆ ಎಂದು ನನಗೆ ಅರ್ಥವಾಯಿತು, ಸುಮ್ಮನೆ ಉಂಡೆ.

ನಾಲ್ಕು ತಿಂಗಳು ಹೋದವು. ಬೇಸಿಗೆಯಲ್ಲಿ ಅವರ ಬಲಗೈ ಬಾತುಕೊಂಡಿತು. ಬಳೆ ಬಿಗಿಯಾಗಿ, ಸೋಪು ಹಚ್ಚಿ ತೆಗೆಯಬೇಕಾಯಿತು. ಮಗಳು ಗದಗದಿಂದ ಬಂದು ಅದೇ ಸರ್ಜನ್ ಹತ್ತಿರ ಕರೆದುಕೊಂಡು ಹೋದಳು. ಅವರು ಕೈ ಮುಟ್ಟಿ ನೋಡಿ, ಹಿಂದಿನ ರಿಪೋರ್ಟ್ ಎಲ್ಲಿ, ನನಗೆ ಬಂದೇ ಇಲ್ಲವಲ್ಲ ಎಂದು ಅಲ್ಲಿಂದಲೇ ನಮ್ಮ ಲ್ಯಾಬಿಗೆ ಫೋನ್ ಮಾಡಿದರು. ನಮ್ಮ ಡಾಕ್ಟರು ಹಳೆಯ ಕಡತ ತೆಗೆದು ಓದಿ ಹೇಳಿದರು. ನಾನು ಆಗ ಅವರ ಕೋಣೆಯಲ್ಲಿ ಮೇಜಿನ ಕೆಳಗೆ ಕೂತು ವೈರ್ ಕೂಡಿಸುತ್ತಿದ್ದೆ. ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿತ್ತು, ಹಿಂದೆಯೇ ಅಕ್ಕಾರ ಹೆಸರು. “ಎರಡೂ ಕಡೆ ಅದs ದಿನಾ ಹೋಗೇತ್ರಿ, ನಮ್ಮ ಹತ್ರ ಐತಿ ನೋಡ್ರಿ ದಾಖಲೆ” ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳುತ್ತಿದ್ದರು. ಅವರ ದಾಖಲೆಯೆಂದರೆ ನನ್ನ ಹೋತ್ರಿ.

ಆ ಪುಟ್ಟ ಪ್ರೋಗ್ರಾಂ ಒಂದು ದಿನಚರಿ ಬರೆದಿಡುತ್ತದೆ. ಯಾರಿಗೆ, ಎಷ್ಟು ಹೊತ್ತಿಗೆ, ಆಯಿತೋ ಇಲ್ಲವೋ. ನಾನು ಅದನ್ನು ಒಂದು ದಿನವೂ ತೆರೆದು ನೋಡಿರಲಿಲ್ಲ. ಆ ಮಧ್ಯಾಹ್ನ ತೆರೆದೆ. ಶಿಬಿರದ ದಿನ ಒಬ್ಬರು ಒಂದು ದಿನಕ್ಕೆ ಕಳಿಸಬಹುದಾದ ಮಿತಿ ಮುಗಿಯಿತು ಎಂದು ಮೇಲ್ ಕಂಪನಿ ಬಾಗಿಲು ಹಾಕಿತ್ತು. ಆಮೇಲಿನ ಹನ್ನೊಂದು ಪತ್ರಗಳು ಹೊರಗೇ ಬಿದ್ದಿರಲಿಲ್ಲ. ಒಂಬತ್ತು ಜನ ಇನ್ನೂ ಬಂದಿಲ್ಲ ಎಂದು ಫೋನ್ ಮಾಡಿ ಮತ್ತೆ ತರಿಸಿಕೊಂಡಿದ್ದರು, ಕೌಂಟರಿನವಳು ಗೊಣಗದೆ ಕಳಿಸಿಕೊಟ್ಟಿದ್ದಳು. ಉಳಿದ ಎರಡು, ಸರ್ಜನ್‌ಗೆ ಹೋಗಬೇಕಾದದ್ದು ಮತ್ತು ಅಕ್ಕಾರ ಮಗಳಿಗೆ ಹೋಗಬೇಕಾದದ್ದು. ಎದ್ದು ಹೋಗಿ ನೀರು ಕುಡಿದು ಬಂದು, ಅರ್ಧವಿರಾಮ ಅಳಿಸಿ ಆ ಎರಡು ಚಿಹ್ನೆ ಒತ್ತಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆ, ಆದರೂ ಬರೆಯುತ್ತೇನೆ: ನಾನು ಹೆದರಿದೆ. ಅಕ್ಕಾರ ಮನೆಯವರು ನಾಳೆ ಲ್ಯಾಬಿಗೆ ಬಂದು ಗಲಾಟೆ ಮಾಡುತ್ತಾರೆ, ಆಗ ಎಲ್ಲ ಹೊರಬೀಳುತ್ತದೆ, ಅಲ್ಲಿಯವರೆಗೆ ಬಾಯಿ ಬಿಡುವುದು ಬೇಡ ಎಂದು ದಿನ ತಳ್ಳಿದೆ. ಯಾರೂ ಬರಲಿಲ್ಲ. ಒಂದು ಮಾತೂ ಕೇಳಲಿಲ್ಲ. ಮಗಳು ನನ್ನ ಎದುರಿಗೆ ಬಂದರೂ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ದುಃಖದಲ್ಲಿದ್ದಾಳೆ, ಪಾಪ ಎಂದುಕೊಂಡೆ. ಅವರ ಮೌನ ನನಗೆ ಅನುಕೂಲವಾಗಿತ್ತು, ಅದನ್ನು ಕೆದಕಲು ನಾನು ಹೋಗಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಯಿತು. ಅಲ್ಲಿಯ ಡಾಕ್ಟರು ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಎಂದು ಶುರುಮಾಡಿ ಮಾತು ನುಂಗಿದರಂತೆ. ಅಕ್ಕಾರ ಕೂದಲು ಉದುರಿತು. ತಲೆಗೆ ಸೆರಗು ಬಿಗಿದು ಅಡುಗೆಮನೆಯ ಗೋಡೆಗೊರಗಿ ಕೂತು, ಗೊತ್ತು ಮಾಡಿಕೊಂಡ ಹೆಣ್ಣಾಳಿನ ರೊಟ್ಟಿಗೆ ಹೆಸರಿಡುತ್ತಿದ್ದರು. “ಅಂಚು ದಪ್ಪಾತ ನೋಡು. ಹುಡುಗೂರ ಉಣ್ತಾವೋ, ಗ್ವಾಡಿಗೆ ಹಚ್ಚತಾವೋ?” ಬೆಳಗಿನ ಸಪ್ಪಳ ಈಗ ಬೇರೆಯಾಗಿತ್ತು. ಎರಡು ಬಡಿತ, ಒಂದು ತಡೆ, ಮತ್ತೆ ಎರಡು ಬಡಿತ. ನಾನು ಹಾಸಿಗೆಯಲ್ಲಿ ಕಣ್ಣುಬಿಟ್ಟು ಅದನ್ನೇ ಕೇಳುತ್ತ ಬಿದ್ದಿರುತ್ತಿದ್ದೆ. ಒಂದು ರವಿವಾರ ಇನ್ನು ತಡೆಯಲಾರೆ ಎನ್ನಿಸಿ ಕೆಳಗಿಳಿದು ಹೋದೆ. ಹೆಣ್ಣಾಳು ಹಿತ್ತಲಲ್ಲಿದ್ದಳು. ನಾನು ನೆಲದ ಮೇಲೆ ಕೂತೆ.

“ಅಕ್ಕಾರ, ನಿಮ್ಮ ರಿಪೋರ್ಟ್ ಹೋಗಿರಲಿಲ್ರಿ.”

“ಏನಂದಿ?”

“ಆವತ್ತ ನಾ ಹೋತು ಅಂದೆ. ಹೋಗಿರಲಿಲ್ಲ. ಕಂಪ್ಯೂಟರ್‌ನ್ಯಾಗ ನಾ ತಪ್ಪು ಮಾಡಿದ್ದೆ. ಕಳಿಸದಿದ್ರೂ ಕಳಿಸಿದೆ ಅಂತ ತೋರಸ್ತಿತ್ತು.”

ಒಲೆಯ ಮೇಲಿನ ಹಂಚು ಕಾಯುತ್ತಿತ್ತು. ಅವರು ಕೇಳಿದರು, “ಗದಗಕ್ಕ ಮುಟ್ಟೇ ಇಲ್ಲಾ?”

“ಇಲ್ರಿ.”

“ತಡಾ ಆಗಿಯಾದ್ರೂ ಮುಟ್ಟಿರಬೇಕಲ್ಲ?”

“ಇಲ್ರಿ ಅಕ್ಕಾರ. ನಮ್ಮ ಲ್ಯಾಬ್ ಬಿಟ್ಟು ಹೊರಗ ಹೋಗೇ ಇಲ್ಲ.”

“ಖರೇ ಹೇಳಾಕತ್ತೀ? ನನ್ನ ಮಗಳ ಫೋನಿಗೆ ಅದು ಬಂದೇ ಇಲ್ಲ?”

“ಖರೇನ್ರಿ. ಬಂದೇ ಇಲ್ಲ.”

ನನ್ನ ತಪ್ಪು ಎಷ್ಟು ದೊಡ್ಡದೆಂದು ಅಳೆಯುತ್ತಿದ್ದಾರೆ ಎಂದುಕೊಂಡೆ. ಬೈಯಲಿ, ಮನೆ ಬಿಡು ಎನ್ನಲಿ, ಕೈಗೆ ಸಿಕ್ಕದ್ದರಿಂದ ಹೊಡೆಯಲಿ ಎಂದು ಕಾದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸೆರಗು ಜಾರಿ ಬೋಳು ತಲೆ ಕಾಣಿಸಿತು, ಸರಿಮಾಡಿಕೊಳ್ಳಲಿಲ್ಲ. ಮತ್ತೆ ನನ್ನ ಕಡೆ ತಿರುಗಿದಾಗ ಕಣ್ಣು ಒಣಗಿದ್ದವು.

“ನೀ ಹೋತು ಅಂದಿದ್ದಿ” ಎಂದರು.

“ಹೂನ್ರಿ.”

“ಆತು. ಇದನ್ನ ಇನ್ನ ಯಾರ ಮುಂದೂ ಆಡಬ್ಯಾಡ. ನನ್ನ ಮಗಳ ಮುಂದಂತೂ ಆಡಲೇಬ್ಯಾಡ. ನಾ ಇದ್ದಾಗೂ, ನಾ ಹೋದ ಮ್ಯಾಲೂ. ನನ್ನ ಆಣಿ ಐತಿ.”

ನಾನು ಹೂಂ ಎಂದೆ. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನ್ನ ನೌಕರಿ ಉಳಿಯಲಿ, ನನ್ನ ಮರ್ಯಾದೆ ಉಳಿಯಲಿ ಎಂದು ಸಾಯುತ್ತಿರುವ ಹೆಂಗಸು ಬಾಯಿ ಕಟ್ಟಿಕೊಂಡಳಲ್ಲ, ಎಂಥ ದೊಡ್ಡ ಮನಸ್ಸು ಎಂದು ಅತ್ತೆ. ಅತ್ತು ಹಗುರಾದೆ. ಎಷ್ಟೋ ವಾರಗಳ ಮೇಲೆ ಆ ದಿನ ನನಗೆ ಹೊಟ್ಟೆತುಂಬ ಊಟ ಸೇರಿತು.

ಅದಾದ ಮೇಲೆ ಮಗಳು ರಜೆ ಹಾಕಿ ಬಂದು ಉಳಿದಳು. ಅವ್ವನಿಗೆ ಗಂಜಿ ಕುಡಿಸುವುದು, ಬೆನ್ನು ಒರೆಸುವುದು, ಬಾತ ಕೈಯನ್ನು ದಿಂಬಿನ ಮೇಲೆ ಎತ್ತಿಡುವುದು ಎಲ್ಲ ಆಕೆಯೇ. ಅಕ್ಕಾರು ಆಕೆಯ ತಲೆ ಸವರುತ್ತ ಮಲಗಿರುತ್ತಿದ್ದರು. ನನ್ನ ಜತೆ ಮೊದಲಿನಂತೆಯೇ ಮಾತಾಡಿದರು. ರಿಪೋರ್ಟಿನ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಶ್ರಾವಣ ಇನ್ನೂ ಹುಟ್ಟಿರಲಿಲ್ಲ, ಒಂದು ಬೆಳಿಗ್ಗೆ ನನಗೆ ಎಚ್ಚರವಾದದ್ದು ಯಾವ ಸಪ್ಪಳದಿಂದಲೂ ಅಲ್ಲ. ಕೆಳಗೆ ಮಗಳು ಬಾಗಿಲಲ್ಲಿ ನಿಂತಿದ್ದಳು. “ಅವ್ವ ಹೋದ್ಲು ಮಾಮಾ” ಎಂದಳು. ಅಮ್ಮಿನಬಾವಿಗೆ ಒಯ್ದು, ಹಣೆಗೆ ವಿಭೂತಿ ಹಚ್ಚಿ, ತವರಿನ ಹೊಲದ ಬದುವಿನಲ್ಲಿ ಕೂಡಿಸಿ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಹಾಕಿದೆ.

ಎಲ್ಲ ಮುಗಿದ ಮೇಲೆ ಮನೆ ಖಾಲಿ ಮಾಡಲು ಮಗಳು ಬಂದಳು. ಮಧ್ಯಾಹ್ನ ಅಡುಗೆಮನೆಯ ಭಾಂಡೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು, ನಾನು ಹಲಿಗೆಯ ಮೇಲಿನ ಡಬ್ಬಿಗಳನ್ನು ಇಳಿಸಿಕೊಡುತ್ತಿದ್ದೆ. ರೊಟ್ಟಿಯ ಹಂಚು ಕೈಗೆ ತೆಗೆದುಕೊಂಡವಳು ಅದನ್ನು ಹಿಡಿದುಕೊಂಡೇ ಕೆಳಗೆ ಕೂತುಬಿಟ್ಟಳು.

“ಮಾಮಾ, ನಿಮಗೊಂದು ಹೇಳಬೇಕ್ರಿ. ನಮ್ಮ ಮನಿಯವರಿಗೂ ಹೇಳಿಲ್ಲ. ಅವ್ವನ ರಿಪೋರ್ಟ್ ನನಗ ಬಂದಿತ್ರಿ.”

ನನ್ನ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. “ಬಂದಿತ್ತಾ?”

“ಬಂದಿರಬೇಕ್ರಿ. ನಾ ನೋಡಲಿಲ್ಲ. ಇವತ್ತ ಹೋತಂತ, ತಮ್ಮ ಹೇಳ್ಯಾನ, ನೋಡು ಅಂತ ಅವ್ವ ಫೋನ್ ಮಾಡಿದ್ಲು. ಅದs ಸಂಜೀಕ ಮೇಲ್ ತುಂಬೇತಿ ಅಂತ ನಾ ಎಲ್ಲಾ ಒಮ್ಮೆಲೆ ಡಿಲೀಟ್ ಮಾಡಿದ್ದೆ. ಅದರಾಗ ಇದೂ ಹೋಗಿರಬೇಕು. ಅವ್ವಗ ಹ್ಯಾಂಗ ಹೇಳ್ಲಿ? ದಿನಾ ಕಾಯಾಕತ್ತಿದ್ಲು. ಕೆಟ್ಟದ್ದಿದ್ರ ಡಾಕ್ಟರs ಫೋನ್ ಮಾಡತಿದ್ರು ಅಂತ ನಾನs ತಿಳಕೊಂಡು, ‘ಬಂದೈತವ್ವಾ, ಓದಿದೆ, ಏನೂ ಇಲ್ಲಂತ’ ಅಂದುಬಿಟ್ಟೆ. ಮುಂದ ಊರಿಗೆ ಬಂದಾಗ ತರಿಸಿದ್ರಾತು ಅಂತ ಬಿಟ್ಟೆ. ಮರದಿನಾ ಮಾದಲಿ ಮಾಡಿದ್ಲಂತ ಮಾಮಾ. ಫೋನ್ ಮಾಡಿ ಹೇಳಿದ್ಲು.”

ಆಕೆ ಅಳುತ್ತಿರಲಿಲ್ಲ. ಹಂಚಿನ ಮಸಿಯನ್ನು ಬೆರಳಿನಿಂದ ಒರೆಸುತ್ತ ಒರೆಸುತ್ತ ಕೈಯೆಲ್ಲ ಕಪ್ಪು ಮಾಡಿಕೊಂಡಿದ್ದಳು.

“ಸರ್ಜನ್ ಕೇಳಿದಾಗ, ಬಂದಿತ್ರಿ, ನನಗs ಇಂಗ್ಲಿಷ್ ಸರಿ ತಿಳೀಲಿಲ್ಲ ಅಂದೆ. ಅವ್ವ ಬಾಜೂಕs ಕುಂತಿದ್ಲು. ಒಂದs ಸಮಾಧಾನ ನನಗ, ಅಕಿಗೆ ಕಡೀತನಾ ಗೊತ್ತಾಗಲಿಲ್ಲ. ಮಗಳು ಓದಿದ್ಲು, ತಪ್ಪು ತಿಳಕೊಂಡ್ಲು ಅಂತ ಅಂದ್ಕೊಂಡು ಹೋದ್ಲು. ಓದದs ಸುಳ್ಳ ಹೇಳಿದ್ಲು ಅಂತ ಗೊತ್ತಾಗಿದ್ರ ಆ ಜೀವಾ ಏನಾಗಿರೋದು?”

ಆಗ ನನಗೆ ತಿಳಿಯಿತು. ಅಕ್ಕಾರು ಅಂದು ಮೂರು ಸಲ ಮುಟ್ಟಿಲ್ಲವೇ, ಬಂದೇ ಇಲ್ಲವೇ ಎಂದು ಕೇಳಿದ್ದು ನನ್ನ ತಪ್ಪನ್ನು ಅಳೆಯಲಿಕ್ಕಲ್ಲ. ಮುಟ್ಟದ ಪತ್ರವನ್ನು ಮಗಳು ಓದಿದ್ದು ಹೇಗೆ ಎಂದು ಅವರು ಆ ಗೋಡೆಯ ಕಡೆ ತಿರುಗಿ ಕೂತು ತಿಳಿದುಕೊಂಡಿದ್ದರು. ಆಣೆ ಹಾಕಿದ್ದು ನನ್ನ ಸಲುವಾಗಿ ಅಲ್ಲ. ಮಗಳ ಕೈಯಿಂದ ಗಂಜಿ ಕುಡಿಯುತ್ತ, ಆಕೆಯ ತಲೆ ಸವರುತ್ತ, ಅಷ್ಟೂ ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ನಾನೋ, ಮೇಲೆ ಕೋಣೆಯಲ್ಲಿ ಅವರ ದೊಡ್ಡ ಮನಸ್ಸಿಗೆ ಅತ್ತು, ಹೊಟ್ಟೆತುಂಬ ಉಂಡಿದ್ದೆ.

ಆಣೆ ನೆನಪಿತ್ತು. ಆದರೆ ಇಲ್ಲದ ಪತ್ರವನ್ನು ಅಳಿಸಿದೆನೆಂದು ಈ ಹುಡುಗಿ ಜನ್ಮವಿಡೀ ಬೇಯುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಡಬ್ಬಿ ಕೆಳಗಿಟ್ಟೆ.

“ನೀ ಡಿಲೀಟ್ ಮಾಡಿಲ್ಲವ್ವಾ. ಅದು ನಿನಗ ಬಂದೇ ಇಲ್ಲ. ನಮ್ಮ ಲ್ಯಾಬಿನಿಂದ ಹೋಗೇ ಇಲ್ಲ. ನನ್ನ ತಪ್ಪದು.”

ಎಲ್ಲ ಹೇಳಿದೆ. ಶಿಬಿರ, ಮಿತಿ, ಅರ್ಧವಿರಾಮ, ದಿನಚರಿಯಲ್ಲಿದ್ದ ಹನ್ನೊಂದು ಸಾಲು. ಎಷ್ಟು ತಿಳಿಯಿತೋ. ಆಕೆ ಹಂಚು ಕೆಳಗಿಟ್ಟು ಎದ್ದು ನಿಂತಳು.

“ನೀವು ಹೋತು ಅಂದಿದ್ರಿ” ಎಂದಳು. ಥೇಟ್ ಅವ್ವನ ದನಿ.

“ಹೂಂ. ಅಂದಿದ್ದೆ.”

ಬೈಗುಳಕ್ಕೆ ಕಾದೆ. ಆಕೆ ಬಾಗಿಲ ಕಡೆ ನಡೆದು, ಹೊಸ್ತಿಲಲ್ಲಿ ನಿಂತು ತಿರುಗಿದಳು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

“ಮಾಮಾ, ಹೋಗಿರಲಿಲ್ಲ ಅನ್ನೂದು ಅವ್ವಗ ಗೊತ್ತಿತ್ತೇನ್ರಿ?”

“ಇಲ್ಲವ್ವಾ” ಎಂದೆ. “ಅವರಿಗೆ ನಾ ಹೇಳಿರಲಿಲ್ಲ.”

ಇದು ಯಾವ ಇಲ್ಲ ಎಂದು ಬಿಡಿಸಿ ಕೇಳದೆ, ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು.